ಎಎನ್‌ಎ ಪರೀಕ್ಷೆ

ಎಎನ್‌ಎ ಪರೀಕ್ಷೆ ಅಥವಾ ಕೋಶಕೇಂದ್ರ ವಿರೋಧಿ ಪ್ರತಿಕಾಯ ಪರೀಕ್ಷೆ ಎಂದರೆ, ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಜೀವಕೋಶಗಳ ಕೇಂದ್ರದಲ್ಲಿರುವ ವಸ್ತುಗಳ ವಿರುದ್ಧ ತಯಾರಿಸಿದ ಪ್ರತಿಕಾಯಗಳನ್ನು ರಕ್ತದ ಸೀರಮ್‌ನಲ್ಲಿ ಪತ್ತೆಹಚ್ಚುವ ಪ್ರಯೋಗಾಲಯ ಪರೀಕ್ಷೆ. ಡಿಎನ್‌ಎ, ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನು, ಆರ್‌ಎನ್‌ಎ ಜೊತೆ ಕೂಡಿಕೊಂಡಿರುವ ಪ್ರೋಟೀನುಗಳು, ವರ್ಣತಂತುಗಳ ಸೆಂಟ್ರೊಮಿಯರ್ ಇವೆಲ್ಲ ಈ ಪ್ರತಿಕಾಯಗಳ ಗುರಿಗಳು. ಲೂಪಸ್ (ಸಿಸ್ಟೆಮಿಕ್ ಲೂಪಸ್ ಎರಿಥಿಮಟೋಸಸ್), ಸಿಸ್ಟೆಮಿಕ್ ಸ್ಕ್ಲಿರೋಸಿಸ್, ಶೋಗ್ರೆನ್ ರೋಗ, ಮಿಶ್ರ ಸಂಯೋಜಕ ಅಂಗಾಂಶ ರೋಗ ಮುಂತಾದ ಆಟೋಇಮ್ಯೂನ್ ರೋಗಗಳ ಶಂಕೆ ಇದ್ದಾಗ ಇದನ್ನು ಮಾಡಿಸುತ್ತಾರೆ. ಪ್ರತಿಕಾಯ ಇದೆ ಎಂದ ಮಾತ್ರಕ್ಕೆ ರೋಗ ಇದೆ ಎಂದಾಗುವುದಿಲ್ಲ. ಈ ಪರೀಕ್ಷೆಯ ಕುರಿತ ಗೊಂದಲಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ.

ಈ ಲೇಖನದಲ್ಲಿ ‘ಟೈಟರ್’ ಎಂದರೆ ಸೀರಮ್ ಅನ್ನು ಎಷ್ಟು ತೆಳುಗೊಳಿಸಿದ ಮೇಲೂ ಪ್ರತಿಕಾಯ ಕಾಣುತ್ತದೆ ಎಂಬ ಅಳತೆ. ‘ವಿನ್ಯಾಸ’ ಎಂದರೆ ಸೂಕ್ಷ್ಮದರ್ಶಕದಡಿ ಕೋಶದಲ್ಲಿ ಬೆಳಕು ಹರಡಿಕೊಂಡಿರುವ ರೀತಿ. ‘ಮಾದರಿ’ ಎಂಬುದನ್ನು ರಕ್ತದ ಮಾದರಿಗೆ ಮಾತ್ರ ಬಳಸಲಾಗಿದೆ.

ಇತಿಹಾಸ

ಪರೀಕ್ಷೆಯ ಮೂಲ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿದೆ. ಮಾಲ್ಕಂ ಹಾರ್ಗ್ರೇವ್ಸ್, ಹೆಲೆನ್ ರಿಚ್ಮಂಡ್ ಮತ್ತು ರಾಬರ್ಟ್ ಮಾರ್ಟನ್ ಅವರು ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ, ಇನ್ನೊಂದು ಕೋಶದ ಕೇಂದ್ರವನ್ನು ನುಂಗಿಕೊಂಡ ಬಿಳಿ ರಕ್ತಕಣಗಳನ್ನು ಗುರುತಿಸಿ 1948ರಲ್ಲಿ ಪ್ರಕಟಿಸಿದರು. ಇದಕ್ಕೆ ಎಲ್‌ಇ ಕೋಶ ಎಂಬ ಹೆಸರು ಬಂತು. ಇಂಥ ಕೋಶ ಹುಟ್ಟಲು ಕಾರಣವಾಗುವ ಅಂಶ ರೋಗಿಯ ರಕ್ತದಲ್ಲಿಯೇ ಇದೆ ಎಂಬುದು ಸ್ವಲ್ಪ ಕಾಲದಲ್ಲಿ ತಿಳಿಯಿತು. ಅದು ಕೋಶಕೇಂದ್ರಕ್ಕೆ ಅಂಟುವ ಪ್ರತಿಕಾಯ.

ಪ್ರತಿಕಾಯಗಳಿಗೆ ಬೆಳಗುವ ಬಣ್ಣ ಜೋಡಿಸುವ ತಂತ್ರವನ್ನು ಆಲ್ಬರ್ಟ್ ಕೂನ್ಸ್ 1940ರ ದಶಕದಲ್ಲಿ ರೂಪಿಸಿದ್ದರು. ಜಾರ್ಜ್ ಫ್ರಿಯೂ 1957ರಲ್ಲಿ ಅದನ್ನು ಲೂಪಸ್ ಸೀರಮ್‌ಗೆ ಅನ್ವಯಿಸಿದರು. ಇಂದಿನ ಎಎನ್‌ಎ ಪರೀಕ್ಷೆ ಅಲ್ಲಿಂದ ಶುರುವಾಗುತ್ತದೆ. 1966ರಲ್ಲಿ ಎಂಗ್ ಟಾನ್ ಮತ್ತು ಹೆನ್ರಿ ಕುಂಕೆಲ್ ಲೂಪಸ್‌ಗೆ ವಿಶಿಷ್ಟವಾದ ಎಸ್‌ಎಂ ಪ್ರತಿಕಾಯವನ್ನೂ, 1972ರಲ್ಲಿ ಗೋರ್ಡನ್ ಶಾರ್ಪ್ ಮತ್ತು ಸಂಗಡಿಗರು ಆರ್‌ಎನ್‌ಪಿ ಪ್ರತಿಕಾಯದೊಂದಿಗೆ ಕಾಣುವ ಮಿಶ್ರ ಸಂಯೋಜಕ ಅಂಗಾಂಶ ರೋಗವನ್ನೂ ವಿವರಿಸಿದರು.

ಮೊದಲೆಲ್ಲ ಇಲಿಯ ಪಿತ್ತಜನಕಾಂಗ ಅಥವಾ ಮೂತ್ರಪಿಂಡದ ತೆಳು ಪದರಗಳ ಮೇಲೆ ಸೀರಮ್ ಹಾಕುತ್ತಿದ್ದರು. ಅವುಗಳ ಜಾಗಕ್ಕೆ ಹೆಪ್-2 ಎಂಬ ಮಾನವ ಕೋಶಸಂತತಿ ಬಂದ ಮೇಲೆ ಪರೀಕ್ಷೆಯ ಸಂವೇದಿತ್ವ ಬಹಳ ಹೆಚ್ಚಿತು. ಈ ಕೋಶಗಳ ಕೇಂದ್ರ ದೊಡ್ಡದು. ಒಂದೇ ಸ್ಲೈಡಿನಲ್ಲಿ ವಿಭಜನೆಯ ಬೇರೆ ಬೇರೆ ಹಂತದ ಕೋಶಗಳೂ ಸಿಗುತ್ತವೆ. ಇವು ಧ್ವನಿಪೆಟ್ಟಿಗೆಯ ಕ್ಯಾನ್ಸರಿನಿಂದ ಬಂದವು ಎಂದು ಬಹುಕಾಲ ನಂಬಲಾಗಿತ್ತು. ಮೂಲದಲ್ಲಿ ಇವು ಗರ್ಭಕೊರಳಿನ ಕ್ಯಾನ್ಸರಿನ ಹೀಲಾ ಕೋಶಗಳೇ ಎಂದು ಆಮೇಲೆ ಗೊತ್ತಾಯಿತು. ಇದರಿಂದ ಪರೀಕ್ಷೆಯ ಫಲಿತಾಂಶಕ್ಕೆ ಬಾಧೆಯೇನಿಲ್ಲ, ಆದರೆ ಕಿಟ್‌ಗಳ ಮೇಲೆ ಹಳೆಯ ಹೆಸರು ಹಾಗೇ ಉಳಿದಿದೆ.

ವಿಧಾನ

ಮೂಲ ವಿಧಾನದ ಹೆಸರು ಪರೋಕ್ಷ ಪ್ರತಿದೀಪ್ತಿ ವಿಧಾನ. ತೋಳಿನ ಅಭಿಧಮನಿಯಿಂದ ಕೆಲವೇ ಮಿಲಿಲೀಟರ್ ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು ಸೀರಮ್ ಬೇರ್ಪಡಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿರಬೇಕಾಗಿಲ್ಲ. ಸೀರಮ್ ಅನ್ನು 1:40, 1:80 ಅಥವಾ 1:100ರ ಪ್ರಮಾಣದಲ್ಲಿ ತೆಳುಗೊಳಿಸಿ ಹೆಪ್-2 ಕೋಶಗಳಿರುವ ಸ್ಲೈಡಿನ ಮೇಲೆ ಹಾಕುತ್ತಾರೆ. ಸುಮಾರು ಅರ್ಧ ಗಂಟೆಯಲ್ಲಿ, ಪ್ರತಿಕಾಯ ಇದ್ದರೆ ಅದು ಕೋಶಕೇಂದ್ರಕ್ಕೆ ಅಂಟಿಕೊಳ್ಳುತ್ತದೆ. ತೊಳೆದ ನಂತರ, ಮಾನವ ಪ್ರತಿಕಾಯವನ್ನು ಹಿಡಿಯುವ, ಫ್ಲೋರೆಸೀನ್ ಬಣ್ಣ ಜೋಡಿಸಿದ ಎರಡನೆಯ ಪ್ರತಿಕಾಯ ಹಾಕಿ ಮತ್ತೆ ತೊಳೆಯುತ್ತಾರೆ. ಕತ್ತಲೆ ಕೋಣೆಯಲ್ಲಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಪ್ರತಿಕಾಯ ಅಂಟಿದ ಜಾಗಗಳು ಹಸಿರಾಗಿ ಹೊಳೆಯುತ್ತವೆ. ಪ್ರತಿ ಸಲವೂ ಜೊತೆಗೆ ಒಂದು ಪಾಸಿಟಿವ್ ಮತ್ತು ಒಂದು ನೆಗೆಟಿವ್ ನಿಯಂತ್ರಣ ಸೀರಮ್ ಇಡಬೇಕು. ಅವೆರಡೂ ಸರಿಯಾಗಿ ಬಂದರೆ ಮಾತ್ರ ಆ ದಿನದ ಓದು ಮಾನ್ಯ.

ಹೊಳಪು ಕಂಡರೆ ಸೀರಮ್ ಅನ್ನು 1:160, 1:320, 1:640 ಹೀಗೆ ಇಮ್ಮಡಿ ಇಮ್ಮಡಿಯಾಗಿ ತೆಳುಗೊಳಿಸುತ್ತ, ಹೊಳಪು ಉಳಿದಿರುವ ಕೊನೆಯ ಹಂತವನ್ನು ಟೈಟರ್ ಎಂದು ಬರೆಯುತ್ತಾರೆ. ಕೆಲವು ಕಿಟ್‌ಗಳಲ್ಲಿ ಏಣಿ 1:100, 1:320, 1:1000 ಎಂದು ಏರುತ್ತದೆ. ಒಂದು ಮೆಟ್ಟಿಲಿನ ವ್ಯತ್ಯಾಸ ವಿಧಾನದ ಸಹಜ ಏರುಪೇರಿನ ಒಳಗೇ ಬರುತ್ತದೆ. ಕಳೆದ ವರ್ಷ 1:160 ಇದ್ದುದು ಈ ವರ್ಷ 1:320 ಆದರೆ ರೋಗ ದ್ವಿಗುಣವಾಯಿತು ಎಂದು ಅರ್ಥವಲ್ಲ.

ವಿನ್ಯಾಸಗಳು

ಬೆಳಕು ಕೋಶದಲ್ಲಿ ಎಲ್ಲಿ, ಹೇಗೆ ಹರಡಿದೆ ಎಂಬುದು ಯಾವ ಪ್ರತಿಜನಕದ (ಪ್ರತಿಕಾಯ ಅಂಟುವ ಗುರಿವಸ್ತುವಿನ) ವಿರುದ್ಧ ಪ್ರತಿಕಾಯ ಇದೆ ಎಂಬ ಸುಳಿವು ಕೊಡುತ್ತದೆ. ಒಂದೇ ವಿನ್ಯಾಸವನ್ನು ಒಂದೊಂದು ಲ್ಯಾಬ್ ಒಂದೊಂದು ಹೆಸರಿನಲ್ಲಿ ಬರೆಯುತ್ತಿದ್ದುದರಿಂದ, 2014ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಡೆದ ಕಾರ್ಯಾಗಾರದಿಂದ ‘ಐಕ್ಯಾಪ್’ ಎಂಬ ಅಂತಾರಾಷ್ಟ್ರೀಯ ಒಮ್ಮತದ ಪಟ್ಟಿ ಆರಂಭವಾಯಿತು. ಅದರಲ್ಲಿ ಪ್ರತಿ ವಿನ್ಯಾಸಕ್ಕೂ ‘ಎಸಿ’ ಸಂಕೇತ ಇದೆ; ಎಸಿ-0 ಎಂದರೆ ನೆಗೆಟಿವ್.

ಕೇಂದ್ರವೆಲ್ಲ ಒಂದೇ ಸಮನಾಗಿ ಹೊಳೆಯುವ ಸಮರೂಪಿ ವಿನ್ಯಾಸ (ಎಸಿ-1) ಡಿಎನ್‌ಎ, ಹಿಸ್ಟೋನ್ ಅಥವಾ ನ್ಯೂಕ್ಲಿಯೊಸೋಮ್ ಪ್ರತಿಕಾಯಗಳಿಂದ ಬರುತ್ತದೆ. ಲೂಪಸ್ ಮತ್ತು ಔಷಧಜನ್ಯ ಲೂಪಸ್‌ನಲ್ಲಿ ಇದು ಸಾಮಾನ್ಯ. ಚುಕ್ಕೆ ವಿನ್ಯಾಸಗಳಲ್ಲಿ ಸಣ್ಣ ಚುಕ್ಕೆ (ಎಸಿ-4) ಆರ್‌ಒ ಮತ್ತು ಎಲ್‌ಎ ಪ್ರತಿಕಾಯಗಳ ಕಡೆಗೂ, ಒರಟು ಚುಕ್ಕೆ (ಎಸಿ-5) ಎಸ್‌ಎಂ ಮತ್ತು ಆರ್‌ಎನ್‌ಪಿ ಕಡೆಗೂ ಬೊಟ್ಟು ಮಾಡುತ್ತವೆ. ಒಂದೊಂದು ಕೇಂದ್ರದಲ್ಲಿ ಬಿಡಿಬಿಡಿಯಾಗಿ ಸುಮಾರು 40ರಿಂದ 60 ಚುಕ್ಕೆ ಕಾಣುವ ಸೆಂಟ್ರೊಮಿಯರ್ ವಿನ್ಯಾಸ (ಎಸಿ-3) ಸೀಮಿತ ಸ್ವರೂಪದ ಸಿಸ್ಟೆಮಿಕ್ ಸ್ಕ್ಲಿರೋಸಿಸ್‌ನೊಂದಿಗೆ ಗಟ್ಟಿಯಾದ ನಂಟು ಹೊಂದಿದೆ. ನ್ಯೂಕ್ಲಿಯೊಲಸ್ ಹೊಳೆಯುವ ವಿನ್ಯಾಸಗಳೂ (ಎಸಿ-8ರಿಂದ 10) ಅದೇ ರೋಗದತ್ತ ಗಮನ ಸೆಳೆಯುತ್ತವೆ.

ಪ್ರತ್ಯೇಕವಾಗಿ ಹೇಳಬೇಕಾದುದು ದಟ್ಟ ಸಣ್ಣ ಚುಕ್ಕೆ ವಿನ್ಯಾಸ (ಎಸಿ-2). ಇದಕ್ಕೆ ಕಾರಣ ಡಿಎಫ್‌ಎಸ್-70 ಎಂಬ ಪ್ರತಿಕಾಯ. ಬೇರಾವ ಪ್ರತಿಕಾಯವೂ ಇಲ್ಲದೆ ಇದೊಂದೇ ಇದ್ದರೆ ಆಟೋಇಮ್ಯೂನ್ ಸಂಧಿವಾತ ರೋಗದ ಸಾಧ್ಯತೆ ಕಡಿಮೆ. ಟೈಟರ್ ಹೆಚ್ಚಿದ್ದರೂ ಈ ಮಾತು ಅನ್ವಯಿಸುತ್ತದೆ. ಹಾಗಾಗಿ ವರದಿಯಲ್ಲಿ ಸಂಖ್ಯೆ ಮಾತ್ರ ಬರೆದು ವಿನ್ಯಾಸ ಬಿಟ್ಟರೆ ಅದು ಅರೆಬರೆ ವರದಿ.

ಕೇಂದ್ರದ ಹೊರಗೆ, ಕೋಶದ್ರವದಲ್ಲಿ ಕಾಣುವ ಹೊಳಪು ಹೆಸರಿಗೆ ತಕ್ಕಂತೆ ನೋಡಿದರೆ ಎಎನ್‌ಎ ಅಲ್ಲ. ಆದರೂ ಮೈಟೊಕಾಂಡ್ರಿಯ ವಿನ್ಯಾಸ (ಎಸಿ-21) ಪಿತ್ತನಾಳಗಳ ರೋಗವೊಂದನ್ನೂ, ಎಸಿ-20 ಜೆಒ-1 ಪ್ರತಿಕಾಯದ ಮೂಲಕ ಸ್ನಾಯು ಮತ್ತು ಶ್ವಾಸಕೋಶದ ರೋಗವನ್ನೂ ಸೂಚಿಸಬಲ್ಲವು. ಇವನ್ನು ‘ಪಾಸಿಟಿವ್’ ಎಂದು ಬರೆಯಬೇಕೋ ‘ನೆಗೆಟಿವ್, ಆದರೆ ಕೋಶದ್ರವದ ಹೊಳಪು ಇದೆ’ ಎಂದು ಬರೆಯಬೇಕೋ ಎಂಬ ವಿಷಯದಲ್ಲಿ ತಜ್ಞರು ಒಮ್ಮತಕ್ಕೆ ಬಂದಿಲ್ಲ.

ಪರೀಕ್ಷೆಯ ವಿಧಗಳು

ಪ್ರತಿದೀಪ್ತಿ ವಿಧಾನದ ಜೊತೆಗೆ ಎಲೈಸಾ, ಕೆಮಿಲ್ಯುಮಿನೆಸೆನ್ಸ್ ಮತ್ತು ಮಣಿ ಆಧಾರಿತ ಯಂತ್ರವಿಧಾನಗಳು ಬಳಕೆಯಲ್ಲಿವೆ. ಇವುಗಳಲ್ಲಿ ಇಡೀ ಕೋಶದ ಬದಲು ಆಯ್ದ ಕೆಲವು ಪ್ರತಿಜನಕಗಳನ್ನಷ್ಟೇ ಇಟ್ಟಿರುತ್ತಾರೆ. ಕೆಲಸ ಬೇಗ ಆಗುತ್ತದೆ, ಓದುವವರ ಕಣ್ಣಿನ ಮೇಲೆ ಅವಲಂಬನೆ ಇಲ್ಲ. ಆದರೆ ಪಟ್ಟಿಯಲ್ಲಿಲ್ಲದ ಪ್ರತಿಕಾಯ ತಪ್ಪಿಹೋಗುತ್ತದೆ. ಅಮೆರಿಕನ್ ಕಾಲೇಜ್ ಆಫ್ ರೂಮಟಾಲಜಿ 2009ರಲ್ಲಿ ಪ್ರತಿದೀಪ್ತಿ ವಿಧಾನವೇ ಪ್ರಮಾಣ ಎಂದು ನಿಲುವು ಪ್ರಕಟಿಸಿತು. ಎಲೈಸಾ ವರದಿಯ ‘ಅನುಪಾತ 1.8’ ಮತ್ತು ಪ್ರತಿದೀಪ್ತಿ ವರದಿಯ ‘1:160’ ಇವೆರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

‘ಎಎನ್‌ಎ ಪ್ರೊಫೈಲ್’ ಅಥವಾ ‘ಎಎನ್‌ಎ ಬ್ಲಾಟ್’ ಎಂದು ಲ್ಯಾಬ್‌ಗಳಲ್ಲಿ ಹೇಳುವುದು ಬೇರೆಯದೇ ಪರೀಕ್ಷೆ. ಒಂದು ಪಟ್ಟಿಯ ಮೇಲೆ ಆರ್‌ಎನ್‌ಪಿ, ಎಸ್‌ಎಂ, ಆರ್‌ಒ, ಎಲ್‌ಎ, ಎಸ್‌ಸಿಎಲ್-70, ಜೆಒ-1, ಡಿಎಸ್-ಡಿಎನ್‌ಎ ಮೊದಲಾದ ಪ್ರತಿಜನಕಗಳನ್ನು ಗೆರೆಗೆರೆಯಾಗಿ ಇಟ್ಟು, ಯಾವ ಗೆರೆ ಬಣ್ಣ ಪಡೆಯುತ್ತದೆ ಎಂದು ನೋಡುತ್ತಾರೆ. ಎಎನ್‌ಎ ಪಾಸಿಟಿವ್ ಬಂದು, ರೋಗಲಕ್ಷಣವೂ ಇದ್ದಾಗ ಮಾಡಿಸಬೇಕಾದ ಎರಡನೇ ಹಂತ ಇದು.

ಉಪಯೋಗ

ಲೂಪಸ್ ರೋಗಿಗಳಲ್ಲಿ ಶೇ. 95ಕ್ಕಿಂತ ಹೆಚ್ಚು ಮಂದಿಗೆ ಎಎನ್‌ಎ ಪಾಸಿಟಿವ್ ಇರುತ್ತದೆ. ಆದ್ದರಿಂದ ನೆಗೆಟಿವ್ ಫಲಿತಾಂಶ ಲೂಪಸ್ ಅನ್ನು ಬಹುಮಟ್ಟಿಗೆ ತಳ್ಳಿಹಾಕುತ್ತದೆ. ಪರೀಕ್ಷೆಯ ನಿಜವಾದ ಬಲ ಇದು. 2019ರ ಅಂತಾರಾಷ್ಟ್ರೀಯ ವರ್ಗೀಕರಣ ಮಾನದಂಡದಲ್ಲಿ ಒಮ್ಮೆಯಾದರೂ 1:80 ಅಥವಾ ಅದಕ್ಕಿಂತ ಹೆಚ್ಚಿನ ಎಎನ್‌ಎ ಇರಬೇಕೆಂಬುದು ಪ್ರವೇಶದ ಷರತ್ತು. ಅದು ಬಾಗಿಲು ಮಾತ್ರ. ಅಂಕ ಸೇರುವುದು ಕೀಲುಬಾವು, ಬಾಯಿಹುಣ್ಣು, ಕೆನ್ನೆಯ ದದ್ದು, ಮೂತ್ರದಲ್ಲಿ ಪ್ರೋಟೀನು, ರಕ್ತಕಣಗಳ ಇಳಿಕೆ, ಶ್ವಾಸಕೋಶದ ಪೊರೆಯಲ್ಲಿ ನೀರು ಇಂಥವುಗಳಿಂದ.

ತಂಪು ತಾಗಿದಾಗ ಬೆರಳುಗಳು ಬಿಳುಚಿ ನೀಲಿಗಟ್ಟುವ ರೇನೋ ಲಕ್ಷಣವೂ ಪರೀಕ್ಷೆಗೆ ಸರಿಯಾದ ಕಾರಣ. ಮಂಗಳೂರಿನಂಥ ಕರಾವಳಿ ಊರಿನ ಸೆಕೆಯಲ್ಲಿ ಇದು ಎ.ಸಿ. ಕೋಣೆಯಲ್ಲೋ ಮೀನುಗಾರಿಕೆ ದಕ್ಕೆಯ ಐಸ್ ಕೆಲಸದಲ್ಲೋ ಮೊದಲು ಕಣ್ಣಿಗೆ ಬೀಳಬಹುದು. ಮಕ್ಕಳ ಕೀಲುವಾತದಲ್ಲಿ ಎಎನ್‌ಎ ಬೇರೊಂದು ಕೆಲಸಕ್ಕೆ ಬರುತ್ತದೆ: ಪಾಸಿಟಿವ್ ಇರುವ ಮಗುವಿಗೆ ನೋವೇ ಇಲ್ಲದೆ ಕಣ್ಣಿನೊಳಗೆ ಉರಿಯೂತ ಆಗುವ ಅಪಾಯ ಹೆಚ್ಚು, ಆದ್ದರಿಂದ ನಿಯತವಾಗಿ ಕಣ್ಣು ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯಲ್ಲಿ ಆರ್‌ಒ ಪ್ರತಿಕಾಯ ಇದ್ದರೆ ನೂರರಲ್ಲಿ ಒಂದೆರಡು ಶಿಶುಗಳಿಗೆ ಹೃದಯದ ವಿದ್ಯುತ್ ವಹನಕ್ಕೆ ತಡೆ ಉಂಟಾಗುತ್ತದೆ. ಕೆಲವು ಹೆಪ್-2 ಸ್ಲೈಡ್‌ಗಳಲ್ಲಿ ಈ ಆರ್‌ಒ ಕಾಣದೆ ಹೋಗುವುದರಿಂದ, ಶಂಕೆ ಬಲವಾಗಿದ್ದರೆ ಎಎನ್‌ಎ ನೆಗೆಟಿವ್ ಬಂದರೂ ಅದನ್ನು ಬೇರೆಯಾಗಿ ನೋಡುತ್ತಾರೆ.

ರೋಗ ಒಮ್ಮೆ ಖಚಿತವಾದ ಮೇಲೆ ಎಎನ್‌ಎಯನ್ನು ಮತ್ತೆ ಮತ್ತೆ ಮಾಡಿಸಿ ಪ್ರಯೋಜನವಿಲ್ಲ. ಅದರ ಟೈಟರ್ ರೋಗದ ಏರಿಳಿತವನ್ನು ಹಿಂಬಾಲಿಸುವುದಿಲ್ಲ. ಲೂಪಸ್‌ನಲ್ಲಿ ಆ ಕೆಲಸಕ್ಕೆ ಡಿಎಸ್-ಡಿಎನ್‌ಎ ಪ್ರತಿಕಾಯ, ಸಿ3 ಮತ್ತು ಸಿ4 ಪೂರಕಾಂಶಗಳು, ಮೂತ್ರಪರೀಕ್ಷೆ ಇವೆ.

ಫಲಿತಾಂಶದ ಮೇಲೆ ಪರಿಣಾಮ ಬೀರುವ ಅಂಶಗಳು

ಆರೋಗ್ಯವಂತರಲ್ಲೂ ಎಎನ್‌ಎ ಇರುತ್ತದೆ. ಎಂಗ್ ಟಾನ್ ಮತ್ತು ಸಂಗಡಿಗರು ಹಲವು ದೇಶಗಳ ಲ್ಯಾಬ್‌ಗಳ ನೆರವಿನಿಂದ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20ರಿಂದ 60 ವರ್ಷದ ಆರೋಗ್ಯವಂತರ ಪೈಕಿ 1:40ರಲ್ಲಿ ಶೇ. 31.7, 1:80ರಲ್ಲಿ ಶೇ. 13.3, 1:160ರಲ್ಲಿ ಶೇ. 5, 1:320ರಲ್ಲಿ ಶೇ. 3.3 ಮಂದಿ ಪಾಸಿಟಿವ್ ಇದ್ದರು. ಇನ್ನೊಂದು ಕಡೆ, ದೆಹಲಿ ಸಮೀಪದ ಗ್ರಾಮೀಣ ಜನರಲ್ಲಿ ನಡೆಸಿ 1993ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲೂಪಸ್ ಪ್ರಮಾಣ ಲಕ್ಷಕ್ಕೆ ಸುಮಾರು 3 ಎಂದು ಕಂಡಿತ್ತು. ಎರಡನ್ನೂ ಜೋಡಿಸಿ ಲೆಕ್ಕ ಹಾಕಿದರೆ, ಲಕ್ಷಣ ಇದೆಯೇ ಎಂದು ನೋಡದೆ ಒಂದು ಲಕ್ಷ ಜನರನ್ನು ಸುಮ್ಮನೆ ಪರೀಕ್ಷಿಸಿದಾಗ 1:80ರಲ್ಲಿ 13,000ಕ್ಕೂ ಹೆಚ್ಚು ಮಂದಿ ಪಾಸಿಟಿವ್ ಬರುತ್ತಾರೆ; ಅವರಲ್ಲಿ ಲೂಪಸ್ ಇರುವವರು ಸುಮಾರು ಮೂವರು. ಲಕ್ಷಣ ನೋಡದೆ ಹೆಲ್ತ್ ಚೆಕಪ್ ಪ್ಯಾಕೇಜಿಗೆ ಎಎನ್‌ಎ ಸೇರಿಸುವುದಕ್ಕೆ ಇದಕ್ಕಿಂತ ಬಲವಾದ ಆಕ್ಷೇಪ ಬೇಕಿಲ್ಲ.

ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಆಟೋಇಮ್ಯೂನ್ ರೋಗವುಳ್ಳವರ ರಕ್ತಸಂಬಂಧಿಗಳಲ್ಲಿ ಪಾಸಿಟಿವ್ ಪ್ರಮಾಣ ಹೆಚ್ಚು. ಹಾಶಿಮೋಟೊ ಥೈರಾಯ್ಡ್ ರೋಗ, ಆಟೋಇಮ್ಯೂನ್ ಹೆಪಟೈಟಿಸ್, ಕೆಲವು ಕ್ಯಾನ್ಸರ್‌ಗಳಲ್ಲೂ ಅದು ಕಾಣುತ್ತದೆ. ಥೈರಾಯ್ಡ್ ಮಾತ್ರೆ ನುಂಗುವ ಎಷ್ಟೋ ಹೆಂಗಸರಿಗೆ ಮೈಕೈ ನೋವಿಗೆಂದು ಮಾಡಿಸಿದ ಎಎನ್‌ಎ ಸ್ವಲ್ಪ ಪಾಸಿಟಿವ್ ಬರುವುದಕ್ಕೆ ಇದೊಂದು ಕಾರಣ.

ಔಷಧಗಳ ಪಟ್ಟಿ ಉದ್ದ ಇದೆ. ರಕ್ತದೊತ್ತಡದ ಹೈಡ್ರಲಜೀನ್ ಮತ್ತು ಮೀಥೈಲ್‌ಡೋಪ, ಹೃದಯ ಬಡಿತ ಸರಿಪಡಿಸುವ ಪ್ರೊಕೇನಮೈಡ್, ಕ್ಷಯದ ಐಸೊನಿಯಾಜಿಡ್, ಅಪಸ್ಮಾರದ ಫೆನಿಟಾಯಿನ್ ಮತ್ತು ಕಾರ್ಬಮಜೆಪೀನ್, ಮನೋರೋಗದ ಕ್ಲೋರ್‌ಪ್ರೊಮಜೀನ್, ಮೊಡವೆಗೆ ಕೊಡುವ ಮಿನೊಸೈಕ್ಲೀನ್, ಕೀಲುವಾತದ ಇನ್‌ಫ್ಲಿಕ್ಸಿಮ್ಯಾಬ್ ಮುಖ್ಯವಾದವು. ಇವುಗಳಿಂದ ಎಎನ್‌ಎ ಪಾಸಿಟಿವ್ ಆಗುವವರು ಹಲವರು, ಔಷಧಜನ್ಯ ಲೂಪಸ್ ಬರುವವರು ಕೆಲವರೇ. ಲಕ್ಷಣ ಬಂದರೂ ಔಷಧ ನಿಲ್ಲಿಸಿದ ವಾರ, ತಿಂಗಳುಗಳಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ. ಪ್ರತಿಕಾಯ ಮಾತ್ರ ಇನ್ನಷ್ಟು ಕಾಲ ಉಳಿಯಬಹುದು. ವರದಿ ನೋಡಿ ಗಾಬರಿಯಿಂದ ಕ್ಷಯದ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಅದರ ಅಪಾಯ ಎಎನ್‌ಎಯದಕ್ಕಿಂತ ಎಷ್ಟೋ ದೊಡ್ಡದು. ಅಭಿಧಮನಿಯ ಮೂಲಕ ಇಮ್ಯುನೊಗ್ಲಾಬ್ಯುಲಿನ್ ಪಡೆದವರಲ್ಲಿ ದಾನಿಗಳ ಪ್ರತಿಕಾಯವೇ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು.

ಸೋಂಕುಗಳಲ್ಲಿ ಕ್ಷಯ, ಕುಷ್ಠ, ಹೆಪಟೈಟಿಸ್ ಸಿ, ಎಚ್‌ಐವಿ, ಹೃದಯ ಕವಾಟದ ಸೋಂಕು, ಮಲೇರಿಯಾ ಇವು ಎಎನ್‌ಎ ಹುಟ್ಟಿಸಬಲ್ಲವು. ದೀರ್ಘಕಾಲದ ಸೋಂಕು ಬಿ ಲಿಂಫೊಸೈಟ್‌ಗಳನ್ನು ಗೊತ್ತುಗುರಿಯಿಲ್ಲದೆ ಕೆರಳಿಸುವುದು ಇದಕ್ಕೆ ಕಾರಣ. ಇಂಥ ಪ್ರತಿಕಾಯಗಳ ಟೈಟರ್ ಹೆಚ್ಚಾಗಿ ಕಡಿಮೆ ಇರುತ್ತದೆ, ಸೋಂಕು ವಾಸಿಯಾದ ಮೇಲೆ ಮಾಯವಾಗಲೂಬಹುದು.

ಉಳಿದದ್ದು ಲ್ಯಾಬಿನ ಒಳಗಿನದು. ಕೆಂಪುಕಣ ಒಡೆದ ಅಥವಾ ಕೊಬ್ಬು ತುಂಬಿದ ಮಾದರಿ, ಹಲವು ಸಲ ಘನೀಕರಿಸಿ ಕರಗಿಸಿದ ಸೀರಮ್, ಕಿಟ್ ತಯಾರಕರ ವ್ಯತ್ಯಾಸ, ಸೂಕ್ಷ್ಮದರ್ಶಕದ ದೀಪದ ವಯಸ್ಸು, ಓದುವವರ ಅನುಭವ ಎಲ್ಲವೂ ಟೈಟರನ್ನು ಮೇಲೆ ಕೆಳಗೆ ಮಾಡುತ್ತವೆ. ಕೋಶಗಳನ್ನು ಸ್ಲೈಡಿಗೆ ಕೂರಿಸಲು ಬಳಸಿದ ರಾಸಾಯನಿಕವೂ ಲೆಕ್ಕಕ್ಕೆ ಬರುತ್ತದೆ; ಕೆಲವು ರಾಸಾಯನಿಕಗಳಲ್ಲಿ ಆರ್‌ಒ ಪ್ರತಿಜನಕ ತೊಳೆದುಹೋಗುತ್ತದೆ. ಫ್ರಿಜ್‌ನಿಂದ ತೆಗೆದ ಸ್ಲೈಡಿನ ಪೊಟ್ಟಣವನ್ನು ಕೋಣೆಯ ಉಷ್ಣತೆಗೆ ಬರುವ ಮೊದಲೇ ಒಡೆದರೆ ಗಾಳಿಯ ತೇವ ಕೋಶಗಳ ಮೇಲೆ ಹನಿಗಟ್ಟುತ್ತದೆ. ಕರಾವಳಿಯ ಮಳೆಗಾಲದಲ್ಲಿ ಈ ಸೂಚನೆಯನ್ನು ಕಡೆಗಣಿಸುವಂತಿಲ್ಲ. ಬಣ್ಣ ಬೆಳಕಿಗೆ ಮಸುಕಾಗುವುದರಿಂದ ತಯಾರಾದ ಸ್ಲೈಡನ್ನು ತಡಮಾಡದೆ ಓದಬೇಕು. ಕೂದಲು ಉದುರುವುದಕ್ಕೆ ನುಂಗುವ ಹೆಚ್ಚು ಪ್ರಮಾಣದ ಬಯೊಟಿನ್ ಮಾತ್ರೆ, ಬಯೊಟಿನ್ ಆಧಾರಿತ ಕೆಲವು ಯಂತ್ರಪರೀಕ್ಷೆಗಳನ್ನು ಕೆಡಿಸಬಲ್ಲದು.

ಮಂಗಳೂರಿನ ಸಂದರ್ಭ

ಮಂಗಳೂರು ದಕ್ಷಿಣ ಕನ್ನಡಕ್ಕೆ ಮಾತ್ರವಲ್ಲ, ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ರೋಗಿಗಳಿಗೂ ಆಸ್ಪತ್ರೆಯ ಊರು. 1848ರಲ್ಲಿ ಆರಂಭವಾದ ವೆನ್ಲಾಕ್ ಜಿಲ್ಲಾಸ್ಪತ್ರೆ, 1955ರಿಂದ ಇಲ್ಲಿ ನಡೆಯುತ್ತಿರುವ ಕಸ್ತೂರಬಾ ಮೆಡಿಕಲ್ ಕಾಲೇಜು, 1880ರಲ್ಲಿ ಅಗಸ್ಟಸ್ ಮುಲ್ಲರ್ ಪಾದ್ರಿ ಕಂಕನಾಡಿಯಲ್ಲಿ ಆರಂಭಿಸಿದ ಔಷಧಾಲಯದಿಂದ ಬೆಳೆದ ಫಾದರ್ ಮುಲ್ಲರ್ ಸಂಸ್ಥೆ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ, ಕುಂಟಿಕಾನದ ಎ.ಜೆ. ಕಾಲೇಜುಗಳು ಸೇರಿ ಇಷ್ಟು ಚಿಕ್ಕ ವಿಸ್ತೀರ್ಣದಲ್ಲಿ ಹಲವು ಬೋಧನಾ ಆಸ್ಪತ್ರೆಗಳಿವೆ. ಪ್ರತಿದೀಪ್ತಿ ಸೂಕ್ಷ್ಮದರ್ಶಕ ಮತ್ತು ತರಬೇತಾದ ಕಣ್ಣು ಎರಡೂ ಬೇಕಾಗುವುದರಿಂದ ಸಣ್ಣ ಲ್ಯಾಬ್‌ಗಳು ರಕ್ತ ಸಂಗ್ರಹಿಸಿ ಮಾದರಿಯನ್ನು ದೊಡ್ಡ ಲ್ಯಾಬ್‌ಗಳಿಗೆ ಕಳಿಸುತ್ತವೆ. ಒಬ್ಬರದೇ ಎರಡು ವರದಿಗಳು ಬೇರೆ ವಿಧಾನ, ಬೇರೆ ಕಿಟ್‌ನಲ್ಲಿ ಬಂದಿರುವ ಸಾಧ್ಯತೆ ಇರುವುದರಿಂದ ವಿಧಾನದ ಹೆಸರನ್ನು ಮೊದಲು ಓದಬೇಕು.

ಈ ಊರಿನ ಜ್ವರಗಳ ಚರಿತ್ರೆ ಎಎನ್‌ಎ ಓದುವವರಿಗೆ ತಿಳಿದಿರಬೇಕು. 1990ರ ದಶಕದಿಂದ ಕಟ್ಟಡ ನಿರ್ಮಾಣದ ಭರಾಟೆಯೊಂದಿಗೆ ಮಲೇರಿಯಾ ನಗರದಲ್ಲಿ ಬೇರೂರಿತು. ರಾಜ್ಯದ ಪ್ರಕರಣಗಳಲ್ಲಿ ದೊಡ್ಡ ಪಾಲು ವರ್ಷಗಟ್ಟಲೆ ಇಲ್ಲಿಂದಲೇ ಬರುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಬಹಳ ಇಳಿದಿದೆ. ಮಲೇರಿಯಾ ಮತ್ತು ಆಟೋಇಮ್ಯೂನ್ ರೋಗದ ನಂಟನ್ನು ಮೊದಲು ಎತ್ತಿದವರಲ್ಲಿ ವೈದ್ಯ ಬ್ರಯನ್ ಗ್ರೀನ್‌ವುಡ್ ಒಬ್ಬರು. ನೈಜೀರಿಯಾದಲ್ಲಿ ಇಂಥ ರೋಗಗಳು ವಿರಳವೆಂದು 1968ರಲ್ಲಿ ಗಮನಿಸಿ, ಪರಾವಲಂಬಿ ಸೋಂಕುಗಳು ಅವನ್ನು ತಡೆಯುತ್ತಿರಬಹುದೆಂದು ಅವರು ಸೂಚಿಸಿದರು. ಆಮೇಲಿನ ಅಧ್ಯಯನಗಳಲ್ಲಿ ಮಲೇರಿಯಾ ಪೀಡಿತ ಆಫ್ರಿಕನ್ ಪ್ರದೇಶಗಳ ಜನರಲ್ಲಿ ರೋಗವಿಲ್ಲದೆಯೂ ಎಎನ್‌ಎ ಕಂಡುಬಂತು. ಅಲ್ಲಿ ಹುಟ್ಟಿದಂದಿನಿಂದ ಮರುಮರಳಿ ಬರುವುದು ಫಾಲ್ಸಿಪಾರಂ, ಮಂಗಳೂರಿನದು ಹೆಚ್ಚಾಗಿ ವೈವಾಕ್ಸ್. ಹಾಗಾಗಿ ಅಲ್ಲಿನ ಅಂಕಿಗಳನ್ನು ಇಲ್ಲಿಗೆ ನೇರವಾಗಿ ತರಲಾಗದು. ಇತ್ತೀಚೆಗೆ ಜ್ವರ ಬಂದುಹೋದವರ ಕಡಿಮೆ ಟೈಟರನ್ನು ಎಚ್ಚರಿಕೆಯಿಂದ ನೋಡಬೇಕೆನ್ನುವುದಕ್ಕಷ್ಟೇ ಅದು ಆಧಾರ. 

ಚಿಕುನ್‌ಗುನ್ಯಾ 2008ರಲ್ಲಿ ದಕ್ಷಿಣ ಕನ್ನಡದಲ್ಲಿ ವ್ಯಾಪಕವಾಗಿ ಹರಡಿತು. ಈ ಜ್ವರ ಬಿಟ್ಟ ಮೇಲೂ ಕೀಲುನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಕಾಡುತ್ತದೆ. ಕೀಲುವಾತದ ಆರ್‌ಎ ಫ್ಯಾಕ್ಟರ್, ಉರಿಯೂತದ ಸಿಆರ್‌ಪಿ ಪರೀಕ್ಷೆಗಳ ಜೊತೆ ಎಎನ್‌ಎಯನ್ನೂ ಬರೆದುಕೊಡುವ ಸಂದರ್ಭ ಇದು. ಇಲ್ಲಿ ಜ್ವರದ ಚರಿತ್ರೆ ಕೇಳುವುದೇ ಮೊದಲ ಪರೀಕ್ಷೆ.

ಸದ್ಯದ ಸ್ಥಿತಿ

ಸ್ಲೈಡಿನ ಚಿತ್ರ ತೆಗೆದು ವಿನ್ಯಾಸ ಗುರುತಿಸುವ ಸ್ವಯಂಚಾಲಿತ ಸೂಕ್ಷ್ಮದರ್ಶಕಗಳು ಬಳಕೆಗೆ ಬಂದಿವೆ. ಪಾಸಿಟಿವ್, ನೆಗೆಟಿವ್ ಬೇರ್ಪಡಿಸುವುದರಲ್ಲಿ ಅವು ವಿಶ್ವಾಸಾರ್ಹ. ಮಿಶ್ರ ವಿನ್ಯಾಸಗಳಿಗೆ ಇನ್ನೂ ಮನುಷ್ಯರ ಕಣ್ಣು ಬೇಕು. ಭಾರತದಲ್ಲಿ ಲ್ಯಾಬ್‌ಗಳ ಗುಣಮಟ್ಟಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆ. ವಿನ್ಯಾಸದ ಎಸಿ ಸಂಕೇತ, ಬಳಸಿದ ವಿಧಾನ, ಆರಂಭಿಕ ತೆಳುಪ್ರಮಾಣ ಈ ಮೂರೂ ವರದಿಯಲ್ಲಿರಬೇಕೆಂಬುದು ಈಗಿನ ನಿರೀಕ್ಷೆ.

ಯಾವ ಟೈಟರಿನಿಂದ ಪಾಸಿಟಿವ್ ಎನ್ನಬೇಕು ಎಂಬ ಕಡಿತ ಮಟ್ಟದ ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ. ಲೂಪಸ್ ವರ್ಗೀಕರಣ 1:80 ಅನ್ನು ಇಟ್ಟುಕೊಂಡರೆ, 2014ರ ಅಂತಾರಾಷ್ಟ್ರೀಯ ಶಿಫಾರಸು ವಯಸ್ಕರ ತಪಾಸಣೆಗೆ 1:160 ಸೂಕ್ತ ಎನ್ನುತ್ತದೆ. ಪ್ರತಿ ಲ್ಯಾಬ್ ತನ್ನ ಸುತ್ತಲಿನ ಆರೋಗ್ಯವಂತರಲ್ಲಿ ಶೇ. 95 ಮಂದಿ ನೆಗೆಟಿವ್ ಬರುವ ಮಟ್ಟವನ್ನು ತಾನೇ ಕಂಡುಕೊಳ್ಳಬೇಕೆಂದೂ ಅದು ಹೇಳುತ್ತದೆ. ಇದಕ್ಕೆ ಸಾಮಾನ್ಯವಾಗಿ ರಕ್ತದಾನಿಗಳ ಸೀರಮ್ ಬಳಸುತ್ತಾರೆ. ಕಿಟ್ ಬದಲಾದರೆ ಈ ಲೆಕ್ಕವನ್ನೂ ಹೊಸದಾಗಿ ಮಾಡಬೇಕು.